ಹ್ಯಾಂಡ್‌ಬಿಲ್ಲಿನ ಕೊನೆಯ ಸಾಲು

ಕೇರಳದ ಗಡಿಜಿಲ್ಲೆ ಕಾಸರಗೋಡಿನ ಕುಂಬಳೆ, ಬದಿಯಡ್ಕ, ಪೆರ್ಲ ಕಡೆ ಡಿಸೆಂಬರ್ ಬಂತೆಂದರೆ ಜೀನಸು ಅಂಗಡಿಯ ಮೇಜಿನ ಮೇಲೆ ಯಕ್ಷಗಾನ ಆಟದ ಹ್ಯಾಂಡ್‌ಬಿಲ್ಲುಗಳು ಬಂದು ಕೂರುತ್ತವೆ. ತೆಳು ಗುಲಾಬಿ ಕಾಗದ, ಮೇಲೆ ದೇವರ ಹೆಸರು, ದಪ್ಪಕ್ಷರದಲ್ಲಿ ಪ್ರಸಂಗ, ಅದರ ಕೆಳಗೆ ಪದ್ಯ ಹಾಡುವ ಭಾಗವತರು, ಆಮೇಲೆ ಚೆಂಡೆ-ಮದ್ದಳೆ, ಆಮೇಲೆ ವೇಷ ಹಾಕುವ ಮುಮ್ಮೇಳದವರು. ಹವ್ಯಾಸಿಗಳ ಆಟವಾದರೆ ಕಟ್ಟಕಡೆಗೆ 'ವೇಷಭೂಷಣ' ಅಂತ ಒಂದು ಸಾಲು, ಅದೂ ಧ್ವನಿವರ್ಧಕದವರ ಹೆಸರಿನ ಜೊತೆಗೆ ಒತ್ತಿಕೊಂಡು. ಜಾಗ ಸಾಲದಿದ್ದರೆ ಮುದ್ರಣದವರು ಮೊದಲು ಕತ್ತರಿಸುವುದು ಅದೇ ಸಾಲನ್ನು. ಹತ್ತೂವರೆಗೆ ಆಟ ನಿಲ್ಲಿಸಿ ಶಾಲು ಹೊದೆಸುವ ಕಾರ್ಯಕ್ರಮ ಆಗುತ್ತದಲ್ಲ, ಅಲ್ಲಿಗೂ ವೇಷ ಕಟ್ಟಿಕೊಡುವ ನೇಪಥ್ಯದವರು ಬರುವುದಿಲ್ಲ. ಕಾರಣ ಬಹಳ ಸರಳ: ಆ ಹೊತ್ತಿಗೆ ಅವರು ಬಣ್ಣದ ಮನೆಯಾದ ಚೌಕಿಯಲ್ಲಿ ಮುಂದಿನ ವೇಷಕ್ಕೆ ಕಿರೀಟ ಕಟ್ಟುತ್ತಿರುತ್ತಾರೆ.

ಕಲಾವಿದ ಅಂದರೆ ಯಾರು ಎಂಬ ಪ್ರಶ್ನೆ ದೊಡ್ಡ ಸಭೆಗಳಲ್ಲಿ ಬಂದಾಗ ಉತ್ತರವೂ ದೊಡ್ಡದಾಗಿಯೇ ಬರುತ್ತದೆ. ಈ ಹ್ಯಾಂಡ್‌ಬಿಲ್ಲನ್ನು ಎದುರಿಗಿಟ್ಟುಕೊಂಡು ಕೇಳಿದರೆ ಅದು ಅಷ್ಟು ಸುಲಭವಾಗಿ ಇತ್ಯರ್ಥ ಆಗುವುದಿಲ್ಲ. ಕಾಸರಗೋಡಿನಂಥ ಜಾಗದಲ್ಲಿ ಇನ್ನೂ ಗೊಂದಲ. ಒಂದು ಗುಡ್ಡದ ಈಚೆ ಯಕ್ಷಗಾನದ ಆಟ, ಆಚೆ ಮಲಯಾಳದವರ ದೈವಾರಾಧನೆ ತೆಯ್ಯಂ, ನಡುವೆ ಭೂತಕೋಲ. ತಳಂಗರೆಯಲ್ಲಿ ಹೆಂಗಸರು ಮನೆಯೊಳಗೆ ಕೂತು ಹೊಲಿಯುವ ಟೋಪಿ ಕೊಲ್ಲಿಯವರೆಗೂ ಹೋಗುತ್ತದೆ. ಅದನ್ನು ಹೊಲಿದವಳನ್ನು ಕಲಾವಿದೆ ಅಂತ ಯಾರೂ ಕರೆದದ್ದಿಲ್ಲ, ಅವಳೂ ಹಾಗೆ ಹೇಳಿಕೊಳ್ಳುವುದಿಲ್ಲ. ಕಲಾವಿದರನ್ನು ಶಾಸ್ತ್ರೀಯ-ಜಾನಪದ, ವೃತ್ತಿಪರ-ಹವ್ಯಾಸಿ ಅಂತ ವಿಂಗಡಿಸುವ ರೂಢಿ ಉಂಟು. ಅರ್ಜಿ ತುಂಬಿಸಲಿಕ್ಕೆ ಅದು ಸಾಕು. ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಬೇರೊಂದು ಅಳತೆ: ಮಾಡಿದ ಕೆಲಸ ಮರುದಿನ ಬೆಳಿಗ್ಗೆ ಎಷ್ಟು ಉಳಿದಿರುತ್ತದೆ?

ಚುಟ್ಟಿ

ಏನೂ ಉಳಿಯದ ಕೆಲಸದಿಂದಲೇ ಶುರುಮಾಡೋಣ. ಯಕ್ಷಗಾನದ ದಕ್ಷಿಣದ ಶೈಲಿ ತೆಂಕುತಿಟ್ಟಿನಲ್ಲಿ ರಾಕ್ಷಸ ಪಾತ್ರಗಳ ಬಣ್ಣದ ವೇಷದ ಮುಖದಲ್ಲಿ ಬೆಳ್ಳಗೆ ಮುಳ್ಳು ಮುಳ್ಳಾಗಿ ಎದ್ದಿರುವುದು ಚುಟ್ಟಿ. ರಾವಣನಂಥ ರಾಜಬಣ್ಣ, ಶೂರ್ಪನಖಿಯಂಥ ಹೆಣ್ಣುಬಣ್ಣ, ಕಾಡಿನ ರಾಕ್ಷಸರ ಕಾಟುಬಣ್ಣ, ಒಂದೊಂದಕ್ಕೆ ಒಂದೊಂದು ಬರವಣಿಗೆ. ಕಥಕಳಿಯಲ್ಲಿ ಚುಟ್ಟಿಗೆಂದೇ ಬೇರೆ ಆಳು ಇರುತ್ತಾನೆ, ನಟ ಮಲಗಿ ಮುಖ ಒಡ್ಡುತ್ತಾನೆ. ನಮ್ಮಲ್ಲಿ ವೃತ್ತಿ ಮೇಳದ ಬಣ್ಣದ ವೇಷಧಾರಿ ಕನ್ನಡಿ ಹಿಡಿದು ತನ್ನ ಮುಖಕ್ಕೆ ತಾನೇ ಇಡುತ್ತಾನೆ. ಚಿತ್ರಕಾರ, ಚಿತ್ರ, ಹಲಗೆ ಮೂರೂ ಅವನೇ.

ಸಾಮಾನು ಅಡುಗೆಮನೆಯದ್ದೇ: ಬೆಳ್ತಿಗೆ (ಬೇಯಿಸದ ಬಿಳಿ) ಅಕ್ಕಿ, ಸುಣ್ಣ, ತೆಂಗಿನೆಣ್ಣೆ, ಒಂದು ಕಡ್ಡಿ. ಕುಚ್ಚಿಲು ಅಕ್ಕಿ ಆಗುವುದಿಲ್ಲ, ಬೇಯಿಸಿದ ಅಕ್ಕಿಯ ಹಿಟ್ಟು ಬೇರೆ ಥರ ಅಂಟುತ್ತದೆ, ಬಣ್ಣವೂ ಬೆಳ್ಳಗೆ ಬರುವುದಿಲ್ಲ. ಒಂದು ಮುಷ್ಟಿ ಬೆಳ್ತಿಗೆಯನ್ನು ಮಧ್ಯಾಹ್ನ ನೆನೆಹಾಕಿ, ಬೆರಳ ನಡುವೆ ತಿಕ್ಕಿದರೆ ತರಿ ಸಿಗದಷ್ಟು ನುಣ್ಣಗೆ ಅರೆಯಬೇಕು. ತರಿ ಉಳಿದರೆ ಕಡ್ಡಿಯ ಮೊನೆಯಲ್ಲಿ ಹಿಟ್ಟು ಸರಿಯಾಗಿ ಇಳಿಯುವುದಿಲ್ಲ, ಮುಳ್ಳಿನ ತುದಿ ಮುರಿಯುತ್ತದೆ. ಆಮೇಲೆ ಸುಣ್ಣ. ಇಲ್ಲಿ ಬರೆದಿಟ್ಟ ಲೆಕ್ಕ ಇಲ್ಲ, ಕೈಯಂದಾಜು ಮಾತ್ರ. ಸುಣ್ಣ ಕಡಿಮೆಯಾದರೆ ಹಿಟ್ಟು ಗಟ್ಟಿಯಾಗದೆ ಬೆವರಿಗೆ ಜಾರುತ್ತದೆ. ಹೆಚ್ಚಾದರೆ ಬೇಗ ಒಣಗಿ ಬಿರುಕು ಬಿಡುತ್ತದೆ, ಚರ್ಮ ಉರಿಯುತ್ತದೆ. ಸುಣ್ಣ ಕ್ಷಾರ, ಬೆವರು ತಾಗಿದ ಹಾಗೆ ಅದು ಕೆರಳುತ್ತದೆ. ಅದಕ್ಕೇ ಮೊದಲು ಮುಖಕ್ಕೆ ತೆಂಗಿನೆಣ್ಣೆ ಸವರಿ ಬಣ್ಣ ಹಾಕಿಕೊಳ್ಳುವುದು. ಆದರೆ ಎಣ್ಣೆ ಜಾಸ್ತಿಯಾದರೆ ಚುಟ್ಟಿ ಹಿಡಿಯುವುದಿಲ್ಲ, ಹಲ್ಲಿಯ ಬಾಲದ ಹಾಗೆ ಕಳಚಿ ಬೀಳುತ್ತದೆ.

ಹದ ಬಂದಿದೆಯೋ ಅಂತ ನೋಡುವುದು ಹೀಗೆ: ಕಡ್ಡಿಯ ತುದಿಯನ್ನು ಹಿಟ್ಟಿಗೆ ತಾಗಿಸಿ ಮೇಲೆತ್ತಿದರೆ ಒಂದು ಮೊನೆ ಎದ್ದು ಹಾಗೆಯೇ ನಿಲ್ಲಬೇಕು. ಬಗ್ಗಿದರೆ ನೀರು ಹೆಚ್ಚು. ಏಳದೆ ಮುದ್ದೆಯಾಗಿ ಬಂದರೆ ನೀರು ಕಡಿಮೆ. ಹದ ಸಿಕ್ಕಿದ ಮೇಲೆ ಹುಬ್ಬಿನ ಮೇಲೆ, ಕೆನ್ನೆಯ ಅಂಚಿಗೆ ಒಂದೊಂದೇ ಬೊಟ್ಟು. ಮೊದಲ ಸಾಲು ಒಣಗಬೇಕು, ಅದರ ಮೇಲೆ ಎರಡನೆಯದು, ಅದು ಒಣಗಿದ ಮೇಲೆ ಮೂರನೆಯದು. ಹಾಗೆ ಬೆಳೆದು ಮುಳ್ಳಾಗುವುದು. ಒಣಗುವ ಮೊದಲೇ ಇನ್ನೊಂದು ಬೊಟ್ಟು ಇಟ್ಟರೆ ಎರಡೂ ಸೇರಿ ಗುಳ್ಳೆಯಾಗುತ್ತವೆ. ಈ ಮೂರು-ನಾಲ್ಕು ಗಂಟೆ ವೇಷಧಾರಿ ನಗುವ ಹಾಗಿಲ್ಲ, ಆಕಳಿಸುವ ಹಾಗಿಲ್ಲ, ವೀಳ್ಯ ಜಗಿಯುವ ಹಾಗಿಲ್ಲ. ಚೌಕಿಯಲ್ಲಿ ಹಾಸ್ಯಗಾರನೊಬ್ಬ ಎದುರು ಕೂತರೆ ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ.

ಮುಳ್ಳು ಯಾಕೆ? ಬಿಳಿ ಬಣ್ಣದಲ್ಲಿ ಗೆರೆ ಎಳೆದರೆ ಸಾಲದೇ? ಹಳೆಯ ಆಟಗಳ ಬೆಳಕನ್ನು ನೆನಪಿಸಿಕೊಳ್ಳಬೇಕು. ದೊಂದಿಯ ಉರಿ ಬದಿಯಿಂದ ಬೀಳುತ್ತಿತ್ತು, ಅಲುಗಾಡುತ್ತಿತ್ತು. ಒಂದೊಂದು ಮುಳ್ಳಿಗೂ ಒಂದು ಸಣ್ಣ ನೆರಳು, ಉರಿ ಅಲುಗಿದ ಹಾಗೆ ಆ ನೆರಳೂ ಅಲುಗಿ ಇಡೀ ಮುಖವೇ ಹರಿದಾಡಿದಂತೆ ಕಾಣುತ್ತಿತ್ತು. ಸಭೆಯ ಹಿಂದಿನಿಂದ ಸೂಟೆ (ಒಣಗರಿಯ ಪಂಜು) ಹಿಡಿದು, ರಾಳದ ಪುಡಿ ಎರಚಿ, ಆರ್ಭಟ ಕೊಡುತ್ತ ರಾಕ್ಷಸ ಬರುವಾಗ ಮಕ್ಕಳು ಅಮ್ಮನ ಸೆರಗಿನೊಳಗೆ ಹೋಗುತ್ತಿದ್ದದ್ದು ಸುಮ್ಮನೆ ಅಲ್ಲ. ಈಗ ರಂಗಸ್ಥಳದ ಎದುರಿಂದಲೇ ಬೆಳ್ಳಗಿನ ಎಲ್‌ಇಡಿ ಹೊಡೆಯುತ್ತದೆ. ಎದುರಿನ ಬೆಳಕಿಗೆ ನೆರಳು ಮುಳ್ಳಿನ ಹಿಂದೆಯೇ ಬೀಳುತ್ತದೆ, ಕಾಣುವುದಿಲ್ಲ. ಮೂರು ಗಂಟೆ ಕೂತು ಇಟ್ಟ ಚುಟ್ಟಿ ದೂರದವನಿಗೆ ಬಿಳಿ ಪಟ್ಟಿಯ ಹಾಗೆ ತೋರುತ್ತದೆ.

ಅದರ ಮೇಲೆ ಕಾಲಮಿತಿ. ರಾತ್ರಿಯಿಡೀ ಆಟ ಇದ್ದಾಗ ಬಣ್ಣದ ವೇಷ ನಡುರಾತ್ರಿ ಕಳೆದು ಬಂದರೆ ಸಾಕಿತ್ತು. ಪೂರ್ವರಂಗ ನಡೆಯುತ್ತಿರುವಾಗ ಮುಖಕ್ಕೆ ಕೂತರೂ ಸಮಯ ಉಳಿಯುತ್ತಿತ್ತು. ಈಗ ಸಂಜೆ ಶುರುವಾದ ಆಟ ಹನ್ನೆರಡರ ಆಸುಪಾಸಿಗೆ ಮುಗಿಯಬೇಕು, ರಾಕ್ಷಸ ಒಂಬತ್ತೂವರೆಗೇ ಹೊರಡಬೇಕು. ಅಂದರೆ ಇಳಿಹೊತ್ತಿನ ಸೆಕೆಯಲ್ಲಿ, ಶೀಟಿನ ಮಾಡಿನ ಅಡಿ, ಬೆವರುವ ಮುಖಕ್ಕೆ ಚುಟ್ಟಿ. ಮೂರು ಸಾಲಿದ್ದದ್ದು ಎರಡಾಗುತ್ತದೆ, ಎರಡು ಒಂದಾಗುತ್ತದೆ. ಕಾಲಮಿತಿಯನ್ನು ನಾನು ದೂರುವುದಿಲ್ಲ, ಮರುದಿನ ಆಫೀಸಿಗೆ ಹೋಗುವವರೂ ಆಟ ನೋಡಬೇಕಲ್ಲ. ಆದರೆ ಹೋದದ್ದು ಏನು ಅಂತ ಗೊತ್ತಿದ್ದರೆ ಒಳ್ಳೆಯದು.

ಆಟ ಮುಗಿದ ಮೇಲೆ? ಅಂಗೈಗೆ ತೆಂಗಿನೆಣ್ಣೆ ಸುರಿದು ಮುಖಕ್ಕೆ ತಿಕ್ಕಿ, ಹಳೆಯ ಬಟ್ಟೆಯ ತುಂಡಲ್ಲಿ ಒರೆಸಿದರೆ ಐದು ನಿಮಿಷ. ಬಿಳಿ, ಕೆಂಪು, ಕಪ್ಪು ಎಲ್ಲ ಕಲಸಿ ಬೂದಿಯ ಬಣ್ಣದ ಒಂದು ಮುದ್ದೆ. ಸುಣ್ಣ ಹೆಚ್ಚಿದ್ದ ದಿನ ಕೆನ್ನೆಯಲ್ಲಿ ಕೆಂಪಗಿನ ಚುಕ್ಕೆಗಳು ಎರಡು ದಿನ ಉಳಿಯುತ್ತವೆ. ಕನ್ನಡದಲ್ಲಿ ಅದಕ್ಕೂ ಕಲೆ ಅಂತಲೇ ಹೇಳುವುದು.

ಉಸಿರು ಎಳೆದಾಗ ಕಟ್ಟಬೇಕು

ನೇಪಥ್ಯದವರ ಕೆಲಸಕ್ಕೆ ಇನ್ನೂ ಕಡಿಮೆ ಆಯುಷ್ಯ. ಅವರು ಹಾಕುವುದು ಗಂಟು. ಸೊಂಟಕ್ಕೆ ಬಟ್ಟೆ ಬಿಗಿಯುವಾಗ ವೇಷಧಾರಿ ಎದೆ ತುಂಬ ಉಸಿರು ಎಳೆದು ನಿಲ್ಲಬೇಕು, ಆಗ ಗಂಟು ಬೀಳಬೇಕು. ಉಸಿರು ಬಿಟ್ಟಾಗ ಕಟ್ಟಿದರೆ ಬಿಗಿ ಚಂದ ಕಾಣುತ್ತದೆ, ಆದರೆ ರಂಗಸ್ಥಳಕ್ಕೆ ಹೋಗಿ ನಾಲ್ಕು ಸುತ್ತು ಧೀಂಗಣದ ಕುಣಿತ ಹಾಕಿ ಮಾತಿಗೆ ನಿಂತಾಗ ಎದೆ ಹಿಗ್ಗಲಿಕ್ಕೆ ಜಾಗವೇ ಇರುವುದಿಲ್ಲ. ವಾಕ್ಯ ಅರ್ಧಕ್ಕೆ ತುಂಡಾಗುತ್ತದೆ, ಜನ ಅರ್ಥ, ಅಂದರೆ ಅವನ ಮಾತು, ತಪ್ಪಿತು ಅನ್ನುತ್ತಾರೆ. ಕಿರೀಟಕ್ಕೂ ಹಾಗೆಯೇ. ತಲೆಗೆ ಬಟ್ಟೆಯ ಪಟ್ಟಿ ಸುತ್ತಿ ಅದರ ಮೇಲೆ ಕೂರಿಸಿ ದಾರ ಎಳೆಯುವುದು. ಸಡಿಲವಾದರೆ ಗಿರ್ಕಿ ಹೊಡೆಯುವಾಗ ವಾಲುತ್ತದೆ, ಬಿಗಿಯಾದರೆ ಒಂದು ಗಂಟೆಯೊಳಗೆ ತಲೆಸಿಡಿತ, ಕೆಲವರಿಗೆ ವಾಕರಿಕೆ. ಯಾರ ತಲೆಗೆ ಎಷ್ಟು ಬಿಗಿ ತಡೆಯುತ್ತದೆ ಅನ್ನುವುದು ಕಟ್ಟುವವನ ಬೆರಳಿಗೆ ಗೊತ್ತು. ಎಲ್ಲ ಗಂಟೂ ಜಾರುಗಂಟೇ ಆಗಿರಬೇಕು, ಯಾಕೆಂದರೆ ಅದೇ ಮನುಷ್ಯ ಮುಕ್ಕಾಲು ಗಂಟೆಯಲ್ಲಿ ಇನ್ನೊಂದು ವೇಷ ಮಾಡಲಿಕ್ಕುಂಟು. ಕಣ್ಣಿಗೆ ಬೀಳದ ಕೆಲಸ ಅದು. ಕಣ್ಣಿಗೆ ಬಿತ್ತೆಂದರೆ ಅವತ್ತು ಏನೋ ಬಿಚ್ಚಿಕೊಂಡಿದೆ ಅಂತಲೇ ಲೆಕ್ಕ.

ಮಾತು

ಪತ್ತನಾಜೆಗೆ, ಅಂದರೆ ಮೇ ತಿಂಗಳ 24ರ ಸುಮಾರಿಗೆ, ಮೇಳಗಳು ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ. (ಕಾಸರಗೋಡು ಜಿಲ್ಲೆಯಾದದ್ದೂ 1984ರ ಮೇ 24ಕ್ಕೆ. ಊರಿಗೆ ಗೆಜ್ಜೆ ಬಿಚ್ಚುವ ಹೊತ್ತಲ್ಲೇ ತಿರುವನಂತಪುರಕ್ಕೆ ನಮ್ಮ ನೆನಪಾದದ್ದು.) ಮಳೆಗಾಲದಲ್ಲಿ ತಾಳಮದ್ದಳೆಯ ಕೂಟಗಳು. ಬಣ್ಣ ಇಲ್ಲ, ಕಿರೀಟ ಇಲ್ಲ, ಕುಣಿತ ಇಲ್ಲ. ಬಿಳಿ ಪಂಚೆ ಶಾಲಿನ ನಾಲ್ಕು ಜನ ಎದುರುಬದುರು ಕೂತು, ಭಾಗವತರು ಹೇಳಿದ ಪದ್ಯಕ್ಕೆ ಬಾಯಿಪಾಠವಿಲ್ಲದ ಅರ್ಥ ಹೇಳುತ್ತಾರೆ. ಪದ್ಯ ನಾಲ್ಕು ಸಾಲು, ಅರ್ಥ ಇಪ್ಪತ್ತು ನಿಮಿಷ.

ಇಲ್ಲಿಯ ಕೈಚಳಕ ಹೊಸ ಕಥೆ ಹೇಳುವುದರಲ್ಲಿಲ್ಲ. ಮರದ ಮರೆಯಿಂದ ಬಾಣ ಬಿಟ್ಟದ್ದು ಯಾಕೆ ಅಂತ ವಾಲಿ ಕೇಳುತ್ತಾನೆ, ಕೇಳುತ್ತಾನೆ ಅಂತ ಎದುರು ಕೂತ ಅಜ್ಜನಿಗೂ ಗೊತ್ತು. ರಾಮ ಕೊಡುವ ಉತ್ತರವೂ ಗೊತ್ತು. ಆದರೂ ವಾಲಿಯ ಮಾತು ಮುಗಿಯುವಾಗ ಸಭೆಗೆ ಒಂದು ಕ್ಷಣ ಅನಿಸಬೇಕು, ಇದಕ್ಕೆ ರಾಮನ ಹತ್ತಿರ ಉತ್ತರ ಇಲ್ಲ. ಹಾಗಂತ ವಾಲಿ ರಾಮನ ಬಾಯಿಯನ್ನೇ ಕಟ್ಟಿಬಿಟ್ಟರೆ ಪ್ರಸಂಗ ಮುಂದೆ ಹೋಗುವುದಿಲ್ಲ. ಮುಂದಿನ ಪದ್ಯದಲ್ಲಿ ವಾಲಿ ಒಪ್ಪಲೇಬೇಕು. ತಾನು ಸೋಲಲಿಕ್ಕುಂಟು ಎಂಬುದನ್ನು ನೆನಪಿಟ್ಟುಕೊಂಡೇ ಗೆಲ್ಲುವ ಮಾತಾಡಬೇಕು. ಕೂಟ ಕೆಡುವುದು ಹೆಚ್ಚಾಗಿ ಇಲ್ಲಿ. ಪೀಠಿಕೆಯನ್ನೇ ಮುಕ್ಕಾಲು ಗಂಟೆ ಎಳೆದರೆ ಎದುರಿನವನಿಗೆ ಸಮಯ ಉಳಿಯುವುದಿಲ್ಲ, ಪ್ರಸಂಗದ ಚೌಕಟ್ಟಿನಾಚೆಯ ಪ್ರಶ್ನೆ ಹಾಕಿದರೆ ಭಾಗವತರು ತಾಳ ಹಿಡಿದು ಸುಮ್ಮನೆ ಕೂರಬೇಕಾಗುತ್ತದೆ. ಅರ್ಥ ಹೇಳುವುದರಲ್ಲಿ ಹೆಸರಾದ ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ವಾಲಿ, ರಾವಣ, ಕೌರವರನ್ನು ಕೇಳಿದವರು ಇಂದಿಗೂ ಹೇಳುವುದು ಅವರ ವಾದದ ಕಟ್ಟುನಿಟ್ಟಿನ ಬಗ್ಗೆ. ಧ್ವನಿಮುದ್ರಿಕೆಗಳು ಸಿಗುತ್ತವೆ, ಪುಣ್ಯ. ಆದರೆ ಎದುರಿನವನ ಒಂದು ಮಾತಿಗೆ ಆ ಕ್ಷಣದಲ್ಲಿ ಹೊಳೆದ ಉತ್ತರ ಆ ಚಾಪೆಯ ಮೇಲೆ ಹುಟ್ಟಿ ಅಲ್ಲಿಯೇ ಮುಗಿಯಿತು. ಅವರೇ ಮತ್ತೊಮ್ಮೆ ಹೇಳಿದ್ದರೆ ಬೇರೆಯೇ ಹೇಳುತ್ತಿದ್ದರು.

ಕಲೆಯಿಂದ ಬದುಕಿಗೇನು ಲಾಭ ಎಂದು ಕೇಳುವವರಿಗೆ ಗಡಿನಾಡಿನವರು ತೋರಿಸಬಹುದಾದ ಲೆಕ್ಕ ಈ ಕೂಟದಲ್ಲಿ ಉಂಟು. ಸಪ್ತಭಾಷೆಗಳ ಊರು ಅಂತ ನಾವೇ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅರ್ಥ ಹೇಳುವ ನಾಲ್ವರಲ್ಲಿ ಒಬ್ಬರ ಮನೆಮಾತು ತುಳು, ಒಬ್ಬರದ್ದು ಹವ್ಯಕ, ಒಬ್ಬರದ್ದು ಕೊಂಕಣಿ, ಇನ್ನೊಬ್ಬರದ್ದು ಮಲಯಾಳ ಆಗಿರಬಹುದು. ಬಸ್ಸಿನ ಬೋರ್ಡು, ವಿಲೇಜ್ ಆಫೀಸಿನ ಅರ್ಜಿ ಹೆಚ್ಚಾಗಿ ಮಲಯಾಳ ಲಿಪಿಯಲ್ಲಿ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿದ ನಂತರ ಇಲ್ಲಿ ಕನ್ನಡ ಶಾಲೆಯ ಪುಸ್ತಕದಲ್ಲಿ ಉಳಿಯಿತು, ಸರಿ. ಆದರೆ ವಾದ ಮಾಡುವ, ಕೊಂಕು ಆಡುವ, ಬೇಡಿಕೊಳ್ಳುವ, ರೇಗಿಸುವ, ಒಂದು ಮಾತಿಗೆ ಎರಡು ಅರ್ಥ ಇಟ್ಟು ಎದುರಿನವನನ್ನು ಸಿಕ್ಕಿಸುವ ಕನ್ನಡ ಪಠ್ಯಪುಸ್ತಕದಲ್ಲಿ ಸಿಗುವುದಿಲ್ಲ. ಅದನ್ನು ಅಂಗಡಿ ಇಟ್ಟವನು, ಅಡಿಕೆ ಸುಲಿಯುವವನು, ಮೇಷ್ಟ್ರು ಎಲ್ಲ ಒಟ್ಟಿಗೆ ಕೂತು ಕಲಿತದ್ದು ಕೂಟದಲ್ಲಿ. ವ್ಯಾಕರಣ ಗೊತ್ತಿಲ್ಲದ ಮನುಷ್ಯ ವಾಲಿಯ ಬಾಯಲ್ಲಿ ಒಂದು ಉದ್ದದ ವಾಕ್ಯವನ್ನು ತಪ್ಪಿಲ್ಲದೆ ದಡ ಮುಟ್ಟಿಸುತ್ತಾನೆ.

ಇನ್ನೊಂದು ಉದಾಹರಣೆ ಕೊಡದೆ ಮುಂದೆ ಹೋಗಲಾರೆ. ಕಾನೂನು ಓದುವ ಪ್ರತಿಯೊಬ್ಬನಿಗೂ ಕೇಶವಾನಂದ ಭಾರತಿ ಎಂಬ ಹೆಸರು ಗೊತ್ತು: 1973ರ ಏಪ್ರಿಲ್ 24, ಹದಿಮೂರು ನ್ಯಾಯಾಧೀಶರ ಪೀಠ, ಸಂವಿಧಾನದ ಮೂಲರಚನೆಯನ್ನು ಸಂಸತ್ತು ಬದಲಿಸಲಾಗದು ಎಂಬ ತೀರ್ಪು. ಆ ಕೇಸು ಹಾಕಿದ, ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿ ಹಾಡುತ್ತಿದ್ದರು, ಭಾಗವತಿಕೆ ಮಾಡುತ್ತಿದ್ದರು ಅಂತ ಹೇಳಿದರೆ ದೆಹಲಿಯ ವಕೀಲರಿಗೆ ನಂಬಲಿಕ್ಕೇ ಕಷ್ಟ. ತೀರ್ಪು ಗ್ರಂಥಾಲಯದಲ್ಲಿ ಸಿಗುತ್ತದೆ. ಅವರು ಹೇಳಿದ ಪದ್ಯ ಸಿಗಬೇಕಾದರೆ ಎಡನೀರಿನ ಹಿರಿಯರನ್ನು ಕೇಳಬೇಕು.

ಕನ್ನಡಿ

ಚಂದ್ರಗಿರಿ ಹೊಳೆ ದಾಟಿ ದಕ್ಷಿಣಕ್ಕೆ ಹೋದರೆ ಕಲಾವಿದ ಎಂಬ ಪದವೇ ತೊಡರುತ್ತದೆ. ತೆಯ್ಯಂ ಕಟ್ಟುವವನು ಆ ರಾತ್ರಿ ದೈವ, ದೈವವನ್ನು ಕಲಾವಿದ ಅನ್ನಲಿಕ್ಕಾಗುತ್ತದೆಯೇ? ಅವನಿಗೆ ಮುಖ ಬರೆಯುವವನು ಬೇರೆ. ಕಟ್ಟುವವನು ಚಾಪೆಯಲ್ಲಿ ಅಂಗಾತ ಮಲಗುತ್ತಾನೆ, ಬರೆಯುವವನು ತಲೆಯ ಬದಿಗೆ ಕೂತು ಬಗ್ಗುತ್ತಾನೆ. ಅಂದರೆ ಅವನಿಗೆ ಮುಖ ತಲೆಕೆಳಗಾಗಿ ಕಾಣುತ್ತದೆ, ಹಾಗಿದ್ದೇ ಎಡ-ಬಲ ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಆಗದ ಹಾಗೆ ಬರೆಯಬೇಕು. ಕುಂಚ ತೆಂಗಿನ ಗರಿಯ ಕಡ್ಡಿ. ಕೆಂಪಿಗೆ ಇಂಗಳೀಕ, ಹಳದಿಗೆ ಅರದಾಳ, ಕಪ್ಪಿಗೆ ಮಸಿ, ಕಲಸಲಿಕ್ಕೆ ತೆಂಗಿನೆಣ್ಣೆ. ಅರದಾಳದಲ್ಲಿ ಇರುವುದು ಆರ್ಸೆನಿಕ್, ಇಂಗಳೀಕದಲ್ಲಿ ಪಾದರಸ. ತುಟಿಯ ಹತ್ತಿರ, ಕಣ್ಣಿನ ರೆಪ್ಪೆಯ ಅಂಚಿಗೆ ಅದನ್ನೇ ಎಳೆಯುತ್ತಾ ತಲೆಮಾರುಗಳು ಕಳೆದಿವೆ. ಕಲೆಯ ಬೆಲೆಯ ಬಗ್ಗೆ ಭಾಷಣ ಮಾಡುವವರು ಈ ಬೆಲೆಯನ್ನೂ ಒಂದು ಸಲ ಹೇಳಬಹುದು.

ಅಲಂಕಾರಕ್ಕೆ ಬೇಕಾದ ತೆಂಗಿನ ಸಿರಿಯನ್ನು ಅದೇ ದಿನ ಕಡಿಯಬೇಕು, ಮರುದಿನಕ್ಕೆ ಬಾಡುತ್ತದೆ. ಇನ್ನೂ ಬಿಚ್ಚಿಕೊಳ್ಳದ, ಎಳೆ ಹಳದಿಯ ಗರಿ ಅದು. ಮರ ಹತ್ತಿದವನು ಹೊರಗಿನ ಒಂದು ಎಳೆಗರಿಯನ್ನಷ್ಟೇ ತೆಗೆಯಬೇಕು, ಕತ್ತಿ ಒಳಸುಳಿಗೆ ತಾಗಿದರೆ ಮರವೇ ಹೋಯಿತು. ತೆಂಗಿಗೆ ಬೆಳೆಯುವ ಜಾಗ ಅದೊಂದೇ. ಹಾಗಾಗಿ ಸಿರಿ ಕಡಿಯಲಿಕ್ಕೆ ಎಲ್ಲರನ್ನೂ ಹತ್ತಿಸುವುದಿಲ್ಲ. ಅವನ ಹೆಸರೂ ಹ್ಯಾಂಡ್‌ಬಿಲ್ಲಿನಲ್ಲಿ ಇಲ್ಲ.

ತಲೆಗೆ ಮುಡಿ (ಕಿರೀಟ) ಏರಿದ ಮೇಲೆ ಕೈಗೆ ಒಂದು ಸಣ್ಣ ಕನ್ನಡಿ ಕೊಡುತ್ತಾರೆ. ಅಲ್ಲಿಯವರೆಗೆ ತನ್ನ ಮುಖಕ್ಕೆ ಏನಾಗಿದೆ ಅಂತ ಅವನು ನೋಡಿರುವುದಿಲ್ಲ. ಕನ್ನಡಿ ನೋಡುತ್ತಾನೆ, ನೋಡಿದ್ದು ತನ್ನನ್ನಲ್ಲ, ದೈವವನ್ನು. ನಡುಕ ಶುರುವಾಗುತ್ತದೆ. ಇದನ್ನು ನಂಬುವವರು ನಂಬುತ್ತಾರೆ, ಬಿಡುವವರು ಬಿಡುತ್ತಾರೆ. ಆದರೆ ಕಡ್ಡಿ ಹಿಡಿದು ಬರೆದವನ ಕೆಲಸಕ್ಕೆ ಅಷ್ಟು ಕಠಿಣ ಪರೀಕ್ಷೆ ಬೇರೆಲ್ಲೂ ಇಲ್ಲ. ಒಬ್ಬನೇ ಒಬ್ಬ ನೋಡುಗ, ಒಂದೇ ಒಂದು ಕ್ಷಣ, ಅವನಿಗೆ ಅಲ್ಲಿ ತನ್ನ ಗುರುತು ಸಿಗಬಾರದು. ಬೆಳಗಿನೊಳಗೆ ಮುಡಿ ಇಳಿಯುತ್ತದೆ, ಸಿರಿ ಬಾಡುತ್ತದೆ, ಮುಖ ಒರೆಸಿ ಆಗುತ್ತದೆ.

ಉಳಿಯುವವು

ಉಳಿಯುವ ಕೆಲಸ ಮಾಡಿದವರೂ ಇದ್ದಾರೆ, ಅವರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 1949ರಲ್ಲಿ ಮದರಾಸು ಸರಕಾರ ರಾಷ್ಟ್ರಕವಿ ಎಂದ ಗೋವಿಂದ ಪೈಗಳು ಮಂಜೇಶ್ವರದವರು, ನೂರು ವರ್ಷ ಬದುಕಿದ ಕಯ್ಯಾರ ಕಿಞ್ಞಣ್ಣ ರೈಗಳು ತೋಟದ ಕೃಷಿಯನ್ನೂ ಕವಿತೆಯನ್ನೂ ಒಟ್ಟಿಗೆ ನಡೆಸಿದವರು. ರಾಮಾಯಣದ ಪ್ರಸಂಗಗಳ ಜೊತೆ ಕುಂಬಳೆಯ ಪ್ರಸಂಗಕರ್ತ ಪಾರ್ತಿಸುಬ್ಬನ ಹೆಸರು ಅಂಟಿಕೊಂಡಿದೆ. ಅವನ ಕಾಲ ಯಾವುದು, ಯಾವ ಪದ್ಯ ಅವನದ್ದು ಅಂತ ವಿದ್ವಾಂಸರು ಜಗಳಾಡಿದರೂ ಪದ್ಯಗಳು ಮಾತ್ರ ನಡೆದುಕೊಂಡು ಬಂದಿವೆ.

ಮದ್ದಳೆ ಮಾಡುವವನದ್ದು ನಡುವಿನ ಸ್ಥಿತಿ. ಹಲಸಿನ ಮರದ ಕಳಸಿಗೆ, ಅಂದರೆ ಮದ್ದಳೆಯ ಒಡಲು, ಅವನಿಗಿಂತ ಹೆಚ್ಚು ವರ್ಷ ಬಾಳುತ್ತದೆ, ಬಾಯಿಗೆ ಕಟ್ಟಿದ ಚರ್ಮದ ಮುಚ್ಚಿಗೆ ಬಾಳುವುದಿಲ್ಲ. ಅನ್ನದ ಜೊತೆ ಕಿಟ್ಟದ ಪುಡಿ ಅರೆದು, ತೆಳು ಪದರ ಹಾಕಿ, ಕಲ್ಲಿನಲ್ಲಿ ತಿಕ್ಕಿ, ಒಣಗಿಸಿ, ಮತ್ತೆ ಪದರ ಹಾಕಿ ಚರ್ಮದ ನಡುವಿನ ಕಪ್ಪು ಕರಣೆ ಎಬ್ಬಿಸಬೇಕು. ಅವಸರಕ್ಕೆ ದಪ್ಪ ಪದರ ಹಾಕಿದರೆ ಮೇಲೆ ಒಣಗಿ ಒಳಗೆ ಹಸಿ ಉಳಿಯುತ್ತದೆ, ನಾಲ್ಕು ಆಟದಲ್ಲಿ ಚಕ್ಕೆ ಏಳುತ್ತದೆ. ರಾತ್ರಿಯಿಡೀ ಆಟವಾದರೆ ಬೆಳಗಿನ ಜಾವದ ಇಬ್ಬನಿಗೆ ಚರ್ಮ ಸಡಿಲಿ ಶ್ರುತಿ ಇಳಿಯುವುದಂತೂ ಇದ್ದದ್ದೇ. ಭಾಗವತರ ಸ್ವರವನ್ನು ರಾತ್ರಿಯಿಡೀ ಹಿಡಿದು ನಿಲ್ಲಿಸಿದ್ದು ಒಂದು ತುತ್ತು ಅನ್ನ ಅಂತ ಹೇಳಿದರೆ ಉತ್ಪ್ರೇಕ್ಷೆ ಆಗಲಾರದು.

ಆಟ ಮುಗಿದ ಮೇಲೆ ಜನ ಚಪ್ಪಲಿ ಹುಡುಕುತ್ತಿರುವಾಗ ಚೌಕಿಯ ಕಡೆ ಹೋಗಿ ನೋಡಿ. ದೇವರ ಪೆಟ್ಟಿಗೆಯ ಎದುರು ದೀಪ ಇನ್ನೂ ಉರಿಯುತ್ತಿರುತ್ತದೆ. ಬೆವರಿನಲ್ಲಿ ನೆನೆದ ದಗಲೆಗಳನ್ನು (ವೇಷದ ಅಂಗಿಗಳನ್ನು) ಹಗ್ಗಕ್ಕೆ ಹಾಕಿರುತ್ತಾರೆ, ಒದ್ದೆಯಾಗಿ ಪೆಟ್ಟಿಗೆಗೆ ತುಂಬಿದರೆ ಜರಿ ಕಪ್ಪಾಗಿ ಬಟ್ಟೆ ಬೂಸು ಹಿಡಿಯುತ್ತದೆ. ಕಿರೀಟಗಳನ್ನು ಬಟ್ಟೆಯಲ್ಲಿ ಸುತ್ತಿ, ಗೆಜ್ಜೆ ಎಣಿಸಿ, ಉದುರಿದ ಕನ್ನಡಿ ಚೂರನ್ನು ಬೆಂಕಿಪೆಟ್ಟಿಗೆಗೆ ಹಾಕಿಟ್ಟುಕೊಳ್ಳುತ್ತಾರೆ, ಹಗಲು ಅಂಟಿಸಲಿಕ್ಕೆ. ಲಾರಿಯವನು ಹಾರ್ನ್ ಹೊಡೆಯುತ್ತಾನೆ. ನಾಳೆ ಬೇರೆ ಊರು, ಬೇರೆ ಸೇವಾಕರ್ತರು, ಪ್ರಸಂಗವೂ ಬೇರೆ. ಬಣ್ಣದ ವೇಷದವನು ಕಿವಿಯ ಹಿಂದೆ ಉಳಿದ ಸುಣ್ಣವನ್ನು ಉಗುರಿನಿಂದ ಕೆರೆಯುತ್ತಾ ಲಾರಿ ಹತ್ತುವ ಮೊದಲು ಅಡುಗೆಯವರ ಹತ್ತಿರ ಕೇಳುತ್ತಾನೆ, ಬೆಳ್ತಿಗೆ ಒಂದು ಮುಷ್ಟಿ ಉಂಟೋ ಅಂತ.